ಆರೂವರೆ ಲಕ್ಷದ ಬ್ರಿಟನ್

ನಮ್ಮ ಹಾಸ್ಟೆಲ್‌ನಲ್ಲಿ ಬ್ರಿಟನ್ ಅಂದ್ರೆ ಎರಡೇ ವಿಷಯ. ಒಂದು ಎಂ.ಎಸ್., ಇನ್ನೊಂದು ಕ್ರಿಕೆಟ್. ಅಪ್ಪ-ಅಮ್ಮನ್ನ ಕರ್ಕೊಂಡು ಸುತ್ತಿ ಬರೋ ಊರು ಅಂತ ಯಾರೂ ಮಾತಾಡಲ್ಲ. ಮಾತಾಡಿದ್ರೂ ಮುಂದಿನ ಪ್ರಶ್ನೆ ಗ್ಯಾರಂಟಿ: "ದುಡ್ಡು ಎಲ್ಲಿದೆ ಗುರು?"

ನಾವು ಅಕ್ಕ-ತಮ್ಮ ಇಬ್ಬರೂ ಇದೇ ಕಾಲೇಜು. ಒಬ್ಬರು ಕಂಪ್ಯೂಟರ್ ಸೈನ್ಸ್, ಇನ್ನೊಬ್ಬರು ಮೆಕ್ಯಾನಿಕಲ್. ಅಪ್ಪ ಸರ್ಕಾರಿ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಪಾಠ ಮಾಡ್ತಿದ್ದವರು, ಈಗ ನಿವೃತ್ತಿ ಆಗಿದೆ. ಗ್ರಾಚುಯಿಟಿ ದುಡ್ಡು ಬ್ಯಾಂಕಿಗೆ ಬಂತು. ಆ ದುಡ್ಡಲ್ಲಿ ಮಹಡಿ ಮೇಲೆ ಎರಡು ರೂಮು ಕಟ್ಟಿ ಬಾಡಿಗೆಗೆ ಕೊಡಬೇಕು ಅಂತ ಅಪ್ಪನ ಲೆಕ್ಕ. ಅಮ್ಮ ಮಾತ್ರ ಬೇರೆ ಮಾತು ತೆಗೆದರು. "ಮೂವತ್ತು ವರ್ಷದಲ್ಲಿ ನಾವು ಹೋಗಿರೋದು ಧರ್ಮಸ್ಥಳ, ತಿರುಪತಿ, ಒಂದ್ಸಲ ಊಟಿ. ಮೊಣಕಾಲು ಇನ್ನೂ ಮಾತು ಕೇಳ್ತಿರೋವಾಗ ಒಂದು ದೊಡ್ಡ ಊರು ನೋಡಿ ಬರೋಣ." ಯಾವ ಊರು ಅಂದ್ರೆ ಲಂಡನ್. ಥೇಮ್ಸ್ ನದಿ ದಡದಲ್ಲಿ ಬಸವಣ್ಣನ ಪ್ರತಿಮೆ ಇದೆ ಅಂತ ಅಮ್ಮ ಟಿವಿಯಲ್ಲಿ ನೋಡಿದ್ದರು. ನಿಜ, ಲ್ಯಾಂಬೆತ್ ಕಡೆಯ ದಡದಲ್ಲಿ ಇದೆ. 2015ರ ನವೆಂಬರ್ 14ರಂದು ಅನಾವರಣ ಆಗಿದ್ದು.

ಅಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಏಳು ಲಕ್ಷದ ಒಳಗೆ ಆಗೋ ಹಾಗಿದ್ರೆ ಕಾಗದದ ಮೇಲೆ ತೋರಿಸಿ" ಅಂದರು. ಆ ಕಾಗದ ತಯಾರು ಮಾಡಿದ ಕಥೆ ಇದು.

ಮೊದಲು ಪ್ಯಾಕೇಜ್ ಟೂರ್ ವಿಚಾರಿಸಿದೆವು. ನಾಲ್ಕು ಜನಕ್ಕೆ ಒಂಬತ್ತು ಲಕ್ಷ ದಾಟಿತು, ವೀಸಾ ಬೇರೆ. ಹಾಗಾಗಿ ಎಲ್ಲವನ್ನೂ ನಾವೇ ಕೂಡಿಸೋಣ ಅಂತ ಎಕ್ಸೆಲ್ ಶೀಟ್ ತೆರೆದೆವು. ಪೌಂಡ್ ಏರಿಳಿತಕ್ಕೆ ಜಾಗ ಇರಲಿ ಅಂತ 1 ಪೌಂಡ್‌ಗೆ 125 ರೂಪಾಯಿ ಹಿಡಿದೆವು. ಇದು ನಮ್ಮ ಫ್ಯಾಕ್ಟರ್ ಆಫ್ ಸೇಫ್ಟಿ.

ಮೊದಲ ಸಾಲು ವೀಸಾ. ಆರು ತಿಂಗಳ ವಿಸಿಟರ್ ವೀಸಾ ಶುಲ್ಕ 2025ರ ಏಪ್ರಿಲ್‌ನಲ್ಲಿ 127 ಪೌಂಡ್ ಆಯಿತು. ನಾಲ್ಕು ಜನಕ್ಕೆ 508 ಪೌಂಡ್, ಅಂದ್ರೆ 63,500 ರೂಪಾಯಿ. ವೀಸಾ ತಿರಸ್ಕಾರ ಆದ್ರೂ ಇದು ವಾಪಸ್ ಬರಲ್ಲ. ನಮ್ಮ ಮನೆಗೆ ಇದು ಸಣ್ಣ ಮೊತ್ತ ಅಲ್ಲ, ನಮ್ಮಿಬ್ಬರ ಒಂದು ವರ್ಷದ ಮೆಸ್ ಬಿಲ್ಲಿನ ಹತ್ತಿರ ಹತ್ತಿರ. ಹಾಗಾಗಿ ಅರ್ಜಿಯನ್ನ ಲ್ಯಾಬ್ ರೆಕಾರ್ಡಿಗಿಂತ ಶ್ರದ್ಧೆಯಿಂದ ಮಾಡಿದೆವು. ಅಲ್ಲಿನವರಿಗೆ ಬೇಕಾಗಿರೋದು ಮೂರು ಉತ್ತರ: ಯಾಕೆ ಬರ್ತೀರಿ, ಖರ್ಚು ಯಾರದ್ದು, ವಾಪಸ್ ಯಾಕೆ ಹೋಗ್ತೀರಿ. ಅಪ್ಪನ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂದಿದೆ, ಅದು ಎಲ್ಲಿಂದ ಬಂತು ಅಂತ ಹೇಳಲೇಬೇಕು. ಗ್ರಾಚುಯಿಟಿ ಆದೇಶದ ಪ್ರತಿ, ಪಿಂಚಣಿ ಪತ್ರ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ನಮ್ಮ ಕಾಲೇಜಿನ ಬೋನಫೈಡ್ ಸರ್ಟಿಫಿಕೇಟ್, ಎಲ್ಲ ಜೋಡಿಸಿದೆವು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕೋ ಹಾಗಿಲ್ಲ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತೆ. ವೀಸಾ ಕೈಗೆ ಬರೋ ತನಕ ವಿಮಾನದ ಟಿಕೆಟ್ ತಗೊಳ್ಳಲ್ಲ ಅಂತ ನಿಯಮ ಹಾಕಿಕೊಂಡೆವು.

ಎರಡನೇ ಪ್ರಶ್ನೆ ಯಾವಾಗ ಅನ್ನೋದು. ಅಲ್ಲಿ ಶಾಲೆಗಳಿಗೆ ರಜೆ ಇರೋ ಜುಲೈ ಕೊನೆಯಿಂದ ಆಗಸ್ಟ್ ತನಕ ಎಲ್ಲದರ ಬೆಲೆ ಏರುತ್ತೆ. ನಮ್ಮ ರಜೆ ಸೆಪ್ಟೆಂಬರ್ ಮೊದಲ ವಾರಗಳಿಗೆ ಬಿದ್ದಿದ್ದು ಒಳ್ಳೇದೇ ಆಯ್ತು. ಆಗ ಅಲ್ಲಿ ಸಂಜೆ ಏಳೂವರೆ ತನಕ ಬೆಳಕು. ದಪ್ಪ ಕೋಟು ಬೇಡ; ಸ್ವೆಟರು, ಮಳೆಕೋಟು ಸಾಕು. ಅಮ್ಮನದು ಒಂದೇ ಷರತ್ತು: ಗೌರಿ-ಗಣೇಶ ಹಬ್ಬದ ಹೊತ್ತಿಗೆ ಮನೇಲಿ ಇರಬೇಕು.

ಆಮೇಲೆ ಊರುಗಳ ಪಟ್ಟಿ. ಲಂಡನ್, ಬಾತ್, ಸ್ಟೋನ್‌ಹೆಂಜ್, ಆಕ್ಸ್‌ಫರ್ಡ್, ಯಾರ್ಕ್, ಎಡಿನ್‌ಬರೋ, ಮೇಲಿನ ಹೈಲ್ಯಾಂಡ್ಸ್ ತನಕ ಏಳು ಹೆಸರು ಬಂದವು. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. "ಇದರಲ್ಲಿ ಮ್ಯಾಂಚೆಸ್ಟರ್ ಇಲ್ವಲ್ಲ?" ಅಂದರು. ಫುಟ್‌ಬಾಲಾ ಅಂತ ನಾವು ಕೇಳಿದೆವು. "ಅಲ್ಲಪ್ಪ, ವಿಟ್‌ವರ್ತ್ ಊರು."

ಮೆಕ್ಯಾನಿಕಲ್‌ನವರಿಗೆ ಹೆಸರು ಗೊತ್ತಿರುತ್ತೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂ ಥ್ರೆಡ್‌ಗೆ ಒಂದು ಅಳತೆ ಸೂಚಿಸಿದವನು. ಅದಕ್ಕೆ ಮೊದಲು ಒಂದು ವರ್ಕ್‌ಶಾಪಿನ ನಟ್ಟು ಇನ್ನೊಂದು ವರ್ಕ್‌ಶಾಪಿನ ಬೋಲ್ಟಿಗೆ ಕೂರುತ್ತೆ ಅಂತ ನಂಬಿಕೆ ಇರಲಿಲ್ಲ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ, ಈಗಿನ ಮೆಟ್ರಿಕ್ ಥ್ರೆಡ್ಡಿನದು 60. ಇದನ್ನ ಅಪ್ಪ ಮೂವತ್ತು ವರ್ಷ ಕಪ್ಪು ಹಲಗೆ ಮೇಲೆ ಚಾಕ್‌ಪೀಸಿನಲ್ಲಿ ಬರೆದವರು. ಬಿಎಸ್‌ಡಬ್ಲ್ಯೂ ಅಂತ ಬಿಡಿಸಿ ಹೇಳೋವಾಗ ಪ್ರತಿ ಬ್ಯಾಚಿಗೂ ಮ್ಯಾಂಚೆಸ್ಟರ್ ಹೆಸರು ಹೇಳಿದವರು. ಮನೇಲಿ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಮಹಡಿ ಕಟ್ಟೋ ಮಾತಾಡ್ತಿದ್ದ ಮನುಷ್ಯನಿಗೂ ನೋಡಬೇಕು ಅನ್ನೋ ಒಂದು ಊರು ಇದೆ ಅಂತ ಅವತ್ತು ಗೊತ್ತಾಯ್ತು.

ಅಲ್ಲಿಂದ ಪಟ್ಟಿ ಮಾಡೋ ಕ್ರಮವೇ ಬದಲಾಯ್ತು. ಊರಿನ ಹೆಸರು ಬಿಟ್ಟು ಒಬ್ಬೊಬ್ಬರಿಗೆ ಏನು ಬೇಕು ಅಂತ ಬರೆದೆವು. ಅಮ್ಮನಿಗೆ ಬಸವಣ್ಣ. ಅಪ್ಪನಿಗೆ ಮ್ಯಾಂಚೆಸ್ಟರ್. ಅಕ್ಕನಿಗೆ ಬ್ಯಾಬೇಜ್‌ನ ಡಿಫರೆನ್ಸ್ ಎಂಜಿನ್. ತಮ್ಮನಿಗೆ ಎಡಿನ್‌ಬರೋ ಪಕ್ಕದ ಫೋರ್ತ್ ಬ್ರಿಡ್ಜ್, 1890ರ ಉಕ್ಕಿನ ಕ್ಯಾಂಟಿಲಿವರ್ ಸೇತುವೆ. ಏಳು ಊರು ಮೂರಾಯ್ತು: ಲಂಡನ್ ಐದು ರಾತ್ರಿ, ಮ್ಯಾಂಚೆಸ್ಟರ್ ಎರಡು, ಎಡಿನ್‌ಬರೋ ಮೂರು. ಲಂಡನ್‌ಗೆ ಇಳಿದು ಎಡಿನ್‌ಬರೋದಿಂದ ವಾಪಸ್ ಹತ್ತೋ ಟಿಕೆಟ್ ಹುಡುಕಿದೆವು. ದರ ಹೆಚ್ಚುಕಮ್ಮಿ ಒಂದೇ, ತಿರುಗಿ ಲಂಡನ್‌ಗೆ ಬರೋ ರೈಲಿನ ಖರ್ಚು ಮತ್ತು ಒಂದು ದಿನ ಎರಡೂ ಉಳೀತು.

ತಮಾಷೆ ಏನಂದ್ರೆ, ನಾಲ್ಕೂ ಜನ ಬೇಕು ಅಂದಿದ್ದು ಪುಕ್ಕಟೆ. ಪ್ರತಿಮೆ ಬೀದಿಯಲ್ಲಿದೆ. ಸೇತುವೆಯನ್ನ ದಡದಲ್ಲಿ ನಿಂತು ನೋಡಬಹುದು. ಎಡಿನ್‌ಬರೋದಿಂದ ಡಾಲ್‌ಮೆನಿ ಸ್ಟೇಷನ್‌ಗೆ ಲೋಕಲ್ ರೈಲಿನಲ್ಲಿ ಸ್ವಲ್ಪ ಹೊತ್ತು. ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳಿಗೆ ಪ್ರವೇಶ ಶುಲ್ಕ ಇಲ್ಲ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಮೂರು ದೊಡ್ಡ ಮ್ಯೂಸಿಯಂ ಅಕ್ಕಪಕ್ಕದಲ್ಲೇ ಇವೆ. ಸೈನ್ಸ್ ಮ್ಯೂಸಿಯಂನಲ್ಲಿ ಬ್ಯಾಬೇಜ್‌ನ ನಕ್ಷೆ ನೋಡಿ 1991ರಲ್ಲಿ ಕಟ್ಟಿದ ಡಿಫರೆನ್ಸ್ ಎಂಜಿನ್ ಇದೆ, ಜೇಮ್ಸ್ ವಾಟ್‌ನ ಮನೆಯ ವರ್ಕ್‌ಶಾಪ್ ಸಾಮಾನು ಸಮೇತ ಇದೆ. ರಸ್ತೆ ದಾಟಿದ್ರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅಲ್ಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಮರದ ಹುಲಿ ಇದೆ. ಹಿಡಿ ತಿರುಗಿಸಿದ್ರೆ ಒಳಗಿನ ತಿದಿ ಗಾಳಿ ತಳ್ಳಿ ಗುರುಗುಟ್ಟೋ ಹಾಗೆ ಮಾಡಿದ ಯಂತ್ರ ಅದು. ಮ್ಯಾಂಚೆಸ್ಟರ್‌ನ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ ಇರೋದು 1830ರ ಹಳೇ ರೈಲ್ವೆ ಸ್ಟೇಷನ್ ಜಾಗದಲ್ಲಿ, ಅದೂ ಪುಕ್ಕಟೆ. ವಿಟ್‌ವರ್ತ್ ಬಿಟ್ಟುಹೋದ ದುಡ್ಡಿನಿಂದ ಶುರುವಾದ ಆರ್ಟ್ ಗ್ಯಾಲರಿಯೂ ಆ ಊರಲ್ಲಿದೆ, ಅದಕ್ಕೂ ಟಿಕೆಟ್ ಇಲ್ಲ.

ದುಡ್ಡು ಕೊಟ್ಟು ನೋಡೋದು ಒಂದಾದ್ರೂ ಇರಲಿ ಅಂತ ಟವರ್ ಆಫ್ ಲಂಡನ್‌ಗೆ 150 ಪೌಂಡ್ ತೆಗೆದಿಟ್ಟೆವು. ಕೊಹಿನೂರ್ ಇರೋದು ಅಲ್ಲೇ. ಅಮ್ಮ ಒಪ್ಪಲಿಲ್ಲ. "ನಮ್ಮ ವಜ್ರ ನೋಡೋಕೆ ನಾವೇ ದುಡ್ಡು ಕೊಡಬೇಕಾ? ಆ ದುಡ್ಡು ಇವರ ಕಾಲಿಗೆ ಇಡಿ." ವೋಟಿಗೆ ಹಾಕಿದೆವು. ಮೂರಕ್ಕೆ ಒಂದರಲ್ಲಿ ಕೊಹಿನೂರ್ ಬಿದ್ದುಹೋಯ್ತು, ಆ ಸಾಲಿನಲ್ಲಿ "ಟ್ಯಾಕ್ಸಿ" ಅಂತ ಬರೆದೆವು.

ಅಮ್ಮ ಹೇಳಿದ್ದು ಬರೀ ಪ್ರೀತಿಯ ಮಾತಲ್ಲ, ಲೆಕ್ಕದ ಮಾತೂ ಹೌದು. ನಮ್ಮಂಥವರು ಬಜೆಟ್ ಟ್ರಿಪ್ ಅಂದ್ರೆ ನಡೆದೇ ಮುಗಿಸ್ತೀವಿ, ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿ ರೂಮ್ ಬಾಡಿಗೆ ಉಳಿಸ್ತೀವಿ. ಅರುವತ್ತು ದಾಟಿದ ಮೊಣಕಾಲನ್ನ ಹಾಗೆ ಓಡಿಸಿದ್ರೆ ಮಾರನೇ ದಿನ ಇಡೀ ರೂಮಲ್ಲಿ ಮಲಗಬೇಕು. ಹೋಗಿದ್ದಕ್ಕೆ ಕೊಟ್ಟ ದುಡ್ಡು ದಂಡ. ಅದಕ್ಕೆ ಲಂಡನ್ನಿನಲ್ಲಿ ಬಸ್ಸನ್ನೇ ನಂಬಿಕೊಂಡಿದ್ದೇವೆ. ಟ್ಯೂಬ್‌ನ ಹಳೇ ಸ್ಟೇಷನ್‌ಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ, ಬಸ್ಸಿನ ಮೆಟ್ಟಿಲು ನೆಲಕ್ಕೇ ತಾಗೋ ಹಾಗಿರುತ್ತೆ. ಟಿಕೆಟ್ 2025ರಲ್ಲಿ 1.75 ಪೌಂಡ್ ಇತ್ತು, ಒಂದು ಗಂಟೆ ಒಳಗೆ ಎಷ್ಟು ಬಸ್ ಬದಲಾಯಿಸಿದ್ರೂ ಒಂದೇ ಟಿಕೆಟ್ಟಿನ ದುಡ್ಡು. ಕಾರ್ಡ್ ತಾಗಿಸಿ ಹತ್ತೋದು, ದಿನಕ್ಕೆ ಇಂತಿಷ್ಟಕ್ಕಿಂತ ಜಾಸ್ತಿ ಕಟ್ ಆಗಲ್ಲ. ಆದ್ರೆ ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು, ದಿನವಿಡೀ ಅದೇ ಕಾರ್ಡ್ ಬಳಸಬೇಕು. ಹೀಥ್ರೂನಿಂದ ಊರೊಳಗೆ ಎಕ್ಸ್‌ಪ್ರೆಸ್ ರೈಲು ಬೇಡ, ಪಿಕಡಿಲಿ ಲೈನ್ ಸಾಕು.

ಊರಿಂದ ಊರಿಗೆ ರೈಲು. ಅಲ್ಲಿ ಟಿಕೆಟ್ ದರ ವಿಮಾನದ ಹಾಗೆ, ತಡ ಮಾಡಿದಷ್ಟೂ ಏರುತ್ತೆ. ಅಡ್ವಾನ್ಸ್ ಟಿಕೆಟ್ ಸುಮಾರು ಹನ್ನೆರಡು ವಾರ ಮೊದಲೇ ಸಿಗೋಕೆ ಶುರುವಾಗುತ್ತೆ. 16ರಿಂದ 25 ವಯಸ್ಸಿನವರಿಗೆ ಒಂದು ರೈಲ್‌ಕಾರ್ಡ್, ಜೊತೆಯಾಗಿ ಹೋಗೋ ಇಬ್ಬರಿಗೆ ಟೂ ಟುಗೆದರ್ ಅಂತ ಇನ್ನೊಂದು. ಎರಡರಲ್ಲೂ ಮೂರನೇ ಒಂದು ಭಾಗ ರಿಯಾಯಿತಿ. ವಿದೇಶದವರೂ ಕೊಳ್ಳಬಹುದು. ಟೂ ಟುಗೆದರ್ ಕಾರ್ಡಿಗೆ ಗಂಡ-ಹೆಂಡತಿ ಇಬ್ಬರ ಫೋಟೋನೂ ಬೇಕು ಅಂದಾಗ ಅಮ್ಮ ನಕ್ಕು, "ಮದುವೆ ಫೋಟೋನೇ ಕೊಡಿ" ಅಂದರು.

ಉಳಿಯೋಕೆ ಲಂಡನ್ನಿನಲ್ಲಿ ವಿದ್ಯಾರ್ಥಿ ಹಾಸ್ಟೆಲ್. ರಜೆಯಲ್ಲಿ ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಖಾಲಿ ರೂಮನ್ನ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತವೆ. ಉಳಿದ ಎರಡು ಊರಿನಲ್ಲಿ ಅಡುಗೆಮನೆ ಇರೋ ಹಾಸ್ಟೆಲ್‌ನಲ್ಲಿ ಫ್ಯಾಮಿಲಿ ರೂಮ್. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಸೂಪರ್‌ಮಾರ್ಕೆಟ್ ಸ್ಯಾಂಡ್‌ವಿಚ್, ರಾತ್ರಿ ಅನ್ನ-ತಿಳಿಸಾರು. ಯೂಸ್ಟನ್ ಸ್ಟೇಷನ್ ಹತ್ತಿರ ಡ್ರಮಂಡ್ ಸ್ಟ್ರೀಟ್‌ನಲ್ಲಿ ನಮ್ಮ ಕಡೆಯ ಸಸ್ಯಾಹಾರಿ ಹೋಟೆಲ್‌ಗಳಿವೆ, ಒಂದು ರಾತ್ರಿ ಅಲ್ಲಿ. ಚಟ್ನಿಪುಡಿ, ಗೊಜ್ಜವಲಕ್ಕಿ ಪಟ್ಟಿಯಲ್ಲಿ ಸೇರಿದವು. ತುಪ್ಪದ ಡಬ್ಬಿ ಹೊರಗೆ ಬಂತು. ನಮ್ಮ ದೇಶದಿಂದ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ. ಅಮ್ಮನಿಗೆ ವೀಸಾಕ್ಕಿಂತ ಇದೇ ದೊಡ್ಡ ಬೇಜಾರು.

ಕೊನೆಯ ಶೀಟ್ ಹೀಗಿದೆ. ವಿಮಾನ 2,40,000. ವೀಸಾ 63,500. ಉಳಿಯೋಕೆ 1,37,500. ರೈಲು-ಬಸ್ಸು 56,250. ಊಟ 55,000. ಇನ್ಶೂರೆನ್ಸ್, ಮಳೆಕೋಟು 20,000. ಟ್ಯಾಕ್ಸಿ 18,750. ಆಪತ್ತಿಗೆ 60,000. ಒಟ್ಟು 6,51,000. ವೀಸಾ ಬಂದ ಮೇಲೆ ಟಿಕೆಟ್ ಕೊಳ್ಳೋದರಿಂದ ವಿಮಾನದ ಸಾಲು ಏರಬಹುದು, ಅದಕ್ಕೆ ಏಳು ಲಕ್ಷದ ತನಕ ಜಾಗ ಇದೆ.

ಅಪ್ಪ ಶೀಟನ್ನ ಎರಡು ದಿನ ಇಟ್ಟುಕೊಂಡರು. ಒಂದೊಂದು ಸಾಲನ್ನೂ ಪೆನ್ನಿನಲ್ಲಿ ಕೂಡಿ ತಾಳೆ ನೋಡಿದರು. ವೀಸಾ ಸಾಲಿನ ಮುಂದೆ ಪೆನ್ನು ನಿಂತಿತು. "ಇದು ಬರದೇ ಹೋದ್ರೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅಮ್ಮನೇ ಹೇಳಿದರು: "ಮಹಡಿ ಆರು ತಿಂಗಳು ತಡವಾಗುತ್ತೆ, ಅಷ್ಟೇ ರೀ." ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಎಕ್ಸೆಲ್ ಶೀಟಿಗೆ ಸಹಿ ಯಾಕೆ ಅಂತ ನಾವು ಕೇಳಲಿಲ್ಲ.

ಹೋದ ವಾರ ಬೆಂಗಳೂರಿಗೆ ಹೋಗಿ ನಾಲ್ಕೂ ಜನ ಬೆರಳಚ್ಚು ಕೊಟ್ಟು ಬಂದಿದ್ದೇವೆ. ತೀರ್ಮಾನ ಇನ್ನೂ ಬಂದಿಲ್ಲ. ನೀವೂ ಇಂಥ ಲೆಕ್ಕಕ್ಕೆ ಕೂತರೆ, ಅದು ಲಂಡನ್ ಆಗಲಿ ಹಂಪಿ ಆಗಲಿ, ಜಾಗದ ಪಟ್ಟಿ ಮಾಡೋಕೆ ಮುಂಚೆ ಮನೆಯವರನ್ನ ಒಬ್ಬೊಬ್ಬರನ್ನಾಗಿ ಕೇಳಿ. ನಮಗೆ ಅದರಿಂದ ನಾಲ್ಕು ಊರಿನ ಖರ್ಚು ಉಳೀತು. ಮೊನ್ನೆ ಫೋನ್ ಮಾಡಿದಾಗ ಅಮ್ಮ ಹೇಳಿದ್ದು: ಅಪ್ಪ ಹಳೇ ಟೂಲ್‌ಬಾಕ್ಸಿನಿಂದ ಥ್ರೆಡ್ ಗೇಜ್ ತೆಗೆದು ಎಣ್ಣೆ ಹಚ್ಚಿ ಒರೆಸಿ ಇಟ್ಟಿದ್ದಾರಂತೆ. ಅದನ್ನ ಚೆಕ್-ಇನ್ ಬ್ಯಾಗಲ್ಲಿ ಹಾಕಬೇಕು ಅಂತ ಹೇಳಿದ್ದೇವೆ.