ಕಲ್ಲಿನೊಳಗೆ ಕೂತ ದೀಪ

ಗ್ಯಾಸ್ ಒಲೆಯ ಲೈಟರನ್ನು ದಿನಕ್ಕೆ ಹತ್ತು ಸಲ ಒತ್ತುವ ನಾವು ಅದರ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿದವರಲ್ಲ. ಅದರಲ್ಲಿ ಬ್ಯಾಟರಿಯಿಲ್ಲ. ಇರುವುದು ಪಿಂಗಾಣಿಯಂಥ ಒಂದು ಪುಟ್ಟ ತುಂಡು. ಸ್ಪ್ರಿಂಗಿನ ಸುತ್ತಿಗೆ ಅದಕ್ಕೆ ಬಡಿದರೆ ಸಾವಿರಾರು ವೋಲ್ಟ್ ಹುಟ್ಟಿ ತುದಿಯಲ್ಲಿ ಕಿಡಿ ಹಾರುತ್ತದೆ. ಈ ಜಾತಿಯ ಪಿಂಗಾಣಿಗೆ ಫೆರೋಎಲೆಕ್ಟ್ರಿಕ್ ಎಂದು ಹೆಸರು. ಫೆರೋ ಎಂದರೆ ಕಬ್ಬಿಣವಂತೆ. ಆದರೆ ಇದರಲ್ಲಿ ಕಬ್ಬಿಣ ಇರಬೇಕೆಂದೇನೂ ಇಲ್ಲ. ಮೈಸೂರುಪಾಕಿನಲ್ಲಿ ಮೈಸೂರಿಲ್ಲವಲ್ಲ, ಹಾಗೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ತಂಗಿಯ ಮಗಳು. ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಇಂಥ ಪಿಂಗಾಣಿಗೆ ಚಿಟಿಕೆ ಯುರೋಪಿಯಂ ಬೆರೆಸಿ, ವಿದ್ಯುತ್ ಕ್ಷೇತ್ರಕ್ಕೆ ಒಡ್ಡಿದಾಗ ಅದು ಸೂಸುವ ಬೆಳಕು ಹೇಗೆ ಬದಲಾಗುತ್ತದೆಂದು ನೋಡುವುದು ಅವಳ ಕೆಲಸ. ಅರಸೀಕೆರೆಯ ನಮ್ಮ ಬೀದಿಯಲ್ಲಿ ಇದನ್ನು ಹೇಗೆ ಹೇಳುವುದು? "ಕಪ್ಪು ಬಸಿ ಮಾಡೋ ಫ್ಯಾಕ್ಟರಿಯಂತೆ" ಎಂದು ಸುದ್ದಿಯಾಗಿತ್ತು. ಹುಡುಗಿಗೆ ಇಪ್ಪತ್ತೇಳು ತುಂಬಿದೆ, ತಂಗಿಗೆ ನಿದ್ದೆಯಿಲ್ಲ. "ಅಕ್ಕಾ, ನಿನ್ನ ಮಾತು ಕೇಳ್ತಾಳೆ. ಸಾಕು ಬಿಟ್ಟು ಬಾ ಅಂತ ನೀನೇ ಹೇಳು" ಎಂದಳು.

ಹೆಣ್ಣು ತೋರಿಸುವ ಶಾಸ್ತ್ರ ಎಂದರೆ ಅವಳು ಬರುವವಳಲ್ಲ. ಹಳೇಬೀಡು ಬೇಲೂರು ನೋಡಿಕೊಂಡು ಬರೋಣ ಎಂದು ಗಂಡಿನ ಕಡೆಯವರನ್ನೂ ಕರೆದುಕೊಂಡು ಹೊರಟೆವು. ಹಳೇಬೀಡಿನಲ್ಲಿ ಬಿಸಿಲು, ಆನೆಸಾಲು, ಕುದುರೆಸಾಲು ನೋಡುವಷ್ಟರಲ್ಲಿ ಎಲ್ಲರ ಕಾಲೂ ಸುಟ್ಟಿತ್ತು. ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗದೊಳಗೆ ಕಾಲಿಟ್ಟರೆ ತಂಪು, ಜೊತೆಗೆ ಕತ್ತಲೆ. ಗೈಡ್ ದೀಪವನ್ನು ನೇರಕ್ಕೆ ಹಿಡಿದಾಗ ಕಂಬದ ಕೆತ್ತನೆ ಚಪ್ಪಟೆಯಾಗಿ ಕಂಡಿತು. ಪಕ್ಕಕ್ಕೆ ಸರಿಸಿದ ಕೂಡಲೇ ಹೂವು, ಬಳ್ಳಿ ಎಲ್ಲ ಎದ್ದು ನಿಂತವು.

ಅಲ್ಲಿಯೇ ಗಂಡಿನ ತಾಯಿ ಕೇಳಿದರು: "ಅದೇನಮ್ಮಾ ನೀನು ಮಾಡ್ತಿರೋದು?"

"ಇದೇ ಆಂಟಿ. ಆದರೆ ಇದು ಹೊರಗಿಂದ ಬಿಟ್ಟ ದೀಪ. ನಮ್ಮದು ಕಲ್ಲಿನೊಳಗೇ ಕೂತ ದೀಪ."

ಆಮೇಲೆ ಬಿಡಿಸಿ ಹೇಳಿದಳು. ಯುರೋಪಿಯಮ್ಮಿಗೆ ನೀಲಿ ಬೆಳಕು ಬಿಟ್ಟರೆ ಅದು ಕೆಂಪು ಬೆಳಕು ಕೊಡುತ್ತದೆ. ಹಳೆಯ ಡಬ್ಬದಂಥ ಕಲರ್ ಟಿ.ವಿ.ಯ ಕೆಂಪು ಬಣ್ಣಕ್ಕೂ ಅದೇ ಬೇಕಿತ್ತು. ಅಪರೂಪದ ಭಸ್ಮಧಾತುಗಳೆಂಬ ಗುಂಪಿಗೆ ಸೇರಿದ್ದು. (ಆ ಗುಂಪಿನ ಸೀರಿಯಂ ಭೂಮಿಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆಯಂತೆ, ಆದರೂ ಅಪರೂಪದ ಪಟ್ಟ!) ಆ ಕೆಂಪನ್ನು ಯಂತ್ರದಲ್ಲಿ ಬಿಡಿಸಿ ನೋಡಿದರೆ ಹಲವು ಗೆರೆಗಳು. 590 ನ್ಯಾನೊಮೀಟರಿನ ಆಸುಪಾಸಿನ ಕಿತ್ತಳೆ ಗೆರೆ ಅಕ್ಕಪಕ್ಕ ಯಾರೇ ಇರಲಿ, ಅಷ್ಟಾಗಿ ಬದಲಾಗುವುದಿಲ್ಲ. 615ರ ಹತ್ತಿರದ ಕೆಂಪು ಗೆರೆ ಹಾಗಲ್ಲ. ಸುತ್ತಲಿನ ಆಕ್ಸಿಜನ್ ಪರಮಾಣುಗಳು ಎಲ್ಲ ಕಡೆ ಸಮವಾಗಿ ಕೂತಿದ್ದರೆ ಮಂಕು, ಓರೆಯಾಗಿ ಕೂತಿದ್ದರೆ ಪ್ರಖರ.

"ಕೆಲವು ಸೊಸೆಯರು ಯಾವ ಮನೆಗೆ ಹೋದರೂ ಒಂದೇ ಥರ ಇರ್ತಾರೆ. ಇನ್ನು ಕೆಲವರ ಮುಖ ನೋಡಿದರೇ ಮನೆ ಎಂಥದು ಅಂತ ಗೊತ್ತಾಗುತ್ತೆ. ನಾವು ನೋಡೋದು ಆ ಎರಡನೆಯವರನ್ನ" ಎಂದಳು. ತಂಗಿ ನನ್ನ ಕೈ ಹಿಂಡಿದಳು. ಗೈಡ್ ಕೂಡ ಮಾತು ನಿಲ್ಲಿಸಿದ್ದ.

ಇನ್ನು ವಿದ್ಯುತ್ತಿನ ವಿಷಯ. ಈ ಪಿಂಗಾಣಿಯಲ್ಲಿ ಟೈಟಾನಿಯಂ ಪರಮಾಣು ತನ್ನ ಗೂಡಿನ ನಟ್ಟನಡುವೆ ಕೂರದೆ ಒಂದಿಷ್ಟು ಪಕ್ಕಕ್ಕೆ ಸರಿದಿರುತ್ತದೆ. ಒಂದೊಂದು ಕಡೆ ಒಂದೊಂದು ದಿಕ್ಕಿಗೆ. ಸೋಡಿಯಂ, ಬಿಸ್ಮತ್, ಬೇರಿಯಂ, ಟೈಟಾನಿಯಮ್ಮಿನ ಪುಡಿಗಳನ್ನು ಗಂಟೆಗಟ್ಟಲೆ ಅರೆದು, ನಿಪ್ಪಟ್ಟಿನಂತೆ ಬಿಲ್ಲೆ ಒತ್ತಿ, ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಬೇಯಿಸುತ್ತಾರೆ. ಎರಡೂ ಮುಖಕ್ಕೆ ಬೆಳ್ಳಿಯ ಲೇಪ ಬಳಿದು, ಎಣ್ಣೆಯಲ್ಲಿ ಮುಳುಗಿಸಿ, ಮಿಲಿಮೀಟರ್ ದಪ್ಪದ ಬಿಲ್ಲೆಗೆ ಐದಾರು ಸಾವಿರ ವೋಲ್ಟ್ ಕೊಡುತ್ತಾರೆ. ಚದುರಿದ್ದ ದಿಕ್ಕುಗಳು ಒಂದಾಗುತ್ತವೆ, ಯುರೋಪಿಯಮ್ಮಿನ ನೆರೆಹೊರೆ ಬದಲಾಗುತ್ತದೆ, ಬೆಳಕೂ ಬದಲಾಗುತ್ತದೆ. ಕರೆಂಟು ತೆಗೆದ ಮೇಲೂ ಆ ಬದಲಾವಣೆ ಬಹುಪಾಲು ಉಳಿಯುತ್ತದೆ, ಮರೆಸಬೇಕಾದರೆ ಕಾಯಿಸಬೇಕು. ಹೀಗೆ ಬೆಳಕನ್ನು ವಿದ್ಯುತ್ತಿನಿಂದ ತಿದ್ದಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಜೀವ್ ರಂಜನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದುದು ಅದನ್ನೇ. ಇವಳಿರುವುದು ಬೇರೆ ಕಾಲೇಜಿನಲ್ಲಿ, ಹಿಡಿದಿರುವುದು ಅದೇ ಜಾಡನ್ನು.

"ಎಲ್ಲಾ ಸರಿ, ಇದರಿಂದ ಏನು ಬರುತ್ತೆ?" ಎಂದರು ಆಕೆ.

"ಬಿಲ್ಲೆ ಒಡೆಯದೆ ಒಳಗೇನಾಯ್ತು ಅಂತ ತಿಳಿಯುತ್ತೆ. ಮುಂದೆ ಸೆನ್ಸರ್ ಮಾಡಬಹುದು. ಅಂಗಡಿಗೆ ಬರೋ ವಸ್ತು ಇನ್ನೂ ಇಲ್ಲ ಆಂಟಿ."

ಒಂದಿಷ್ಟು ಬಣ್ಣ ಕಟ್ಟಿ ಹೇಳಬಾರದಿತ್ತೇ ಎಂದು ತಂಗಿಗೆ ಸಂಕಟ. ನನಗೆ ಅವಳ ಉತ್ತರವೇ ಹಿಡಿಸಿತು. ಈ ಗುಣವನ್ನು 1920ರ ಸುಮಾರಿಗೆ ಅಮೆರಿಕದ ಜೋಸೆಫ್ ವಲಾಸೆಕ್ ಮೊದಲು ಕಂಡದ್ದು ರಾಶೆಲ್ ಉಪ್ಪಿನಲ್ಲಿ. ಅದು ಫ್ರಾನ್ಸಿನಲ್ಲಿ ಭೇದಿಗೆ ಕೊಡುತ್ತಿದ್ದ ಔಷಧಿ! ಬೇರಿಯಂ ಟೈಟನೇಟಿನಲ್ಲಿ ಅದೇ ಗುಣ ಸಿಕ್ಕಿದ್ದು 1940ರ ದಶಕದ ಯುದ್ಧಕಾಲದಲ್ಲಿ. ನಡುವಿನ ಇಪ್ಪತ್ತು ವರ್ಷ ಯಾರ ಮನೆಯ ಹಿರಿಯರು ಯಾರನ್ನು ಏನು ಕೇಳಿದರೋ.

ವಾರದೊಳಗೆ ಗಂಡಿನ ಮನೆಯಿಂದ ಹೇಳಿಕಳಿಸಿದರು. ಹುಡುಗಿ ಒಪ್ಪಿಗೆ, ಮಾಘದಲ್ಲಿ ಮದುವೆ, ಓದು ಅಲ್ಲಿಗೆ ನಿಲ್ಲಬೇಕು. ತಂಗಿ ನನ್ನ ಮುಖ ನೋಡಿದಳು. ಬುದ್ಧಿ ಹೇಳಬೇಕಾದವಳು ನಾನು. "ಇನ್ನೊಂದೂವರೆ ವರ್ಷ ತಾನೇ? ಮುಗಿಸಲಿ. ಅಷ್ಟು ಕಾಯೋರು ಬರಲಿ" ಎಂದೆ. ತಂಗಿ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಅವಳ ಗಂಡ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮನುಷ್ಯ, ಮಾತು ಕಡಿಮೆ. ಹುಡುಗಿ ಚಕ್ಕುಲಿ ಡಬ್ಬ ಹಿಡಿದು ಬೆಳಗಿನ ರೈಲು ಹತ್ತಿದಳು.

ಮೊನ್ನೆ ಫೋನ್ ಮಾಡಿದ್ದಳು. ಹನ್ನೆರಡು ಬಿಲ್ಲೆಗಳಲ್ಲಿ ಮೂರು ವೋಲ್ಟೇಜ್ ತಡೆಯಲಾರದೆ ಸಿಡಿದವಂತೆ. ಉಳಿದ ಒಂಬತ್ತರಲ್ಲೂ ಕೆಂಪು ಗೆರೆ ಬದಲಾಗಿದೆಯಂತೆ. ಅವಳಪ್ಪ ಅಲ್ಲೇ ಕೂತಿದ್ದರು. ಫೋನನ್ನು ಅವರ ಕೈಗೆ ಕೊಟ್ಟೆ.

"ಮೂರು ಯಾಕಮ್ಮಾ ಸಿಡಿದಿದ್ದು?" ಎಂದರು. ಅತ್ತಲಿಂದ ಏನೋ ಉದ್ದದ ಉತ್ತರ. ಕಿವಿಗೊಟ್ಟು ಕೇಳಿ, ಕೊಬ್ಬರಿ ಗಿಟುಕನ್ನು ಅಂಗೈಯಲ್ಲಿ ತೂಗಿ ನೋಡುವವರ ಹಾಗೆ ಕೈ ಆಡಿಸುತ್ತಾ ಕೇಳಿದರು: "ಒಳಗೆ ಟೊಳ್ಳಿತ್ತು ಅನ್ನು. ಬೇಯಿಸೋಕೆ ಮುಂಚೇನೇ ಅದನ್ನ ಗೊತ್ತುಮಾಡೋಕಾಗಲ್ವಾ?"