ಗೊತ್ತಿರ್ಲಿಲ್ಲ ಅಂದ್ರೆ ಸಾಕಾ?

ಕಳೆದ ಸೆಮ್‌ನಲ್ಲಿ ನಮ್ಮ ಬ್ರಾಂಚ್ ಫೆಸ್ಟ್‌ಗೆ ನಾನು ಕೋಆರ್ಡಿನೇಟರ್ ಆಗಿದ್ದೆ. ಟೀ ಶರ್ಟ್ ದುಡ್ಡು ಕಲೆಕ್ಟ್ ಮಾಡೋಕೆ ಒಬ್ಬರು ಬೇಕಿತ್ತು. ಕ್ಯಾಂಟೀನ್‌ನಲ್ಲಿ ಮೂರು ಜನ ಕೂತಿದ್ವಿ: ನಾನು, ನನ್ನ ರೂಮ್‌ಮೇಟ್, ಮತ್ತೆ ನಮ್ಮ ಸೆಕ್ಷನ್ ಸಿಆರ್. ನಾನು ನನ್ನ ಫ್ರೆಂಡ್ ಒಬ್ಬನ ಹೆಸರು ಹೇಳಿದೆ. ರೂಮ್‌ಮೇಟ್ ಓಕೆ ಅಂದ. ಸಿಆರ್ ಮಾತ್ರ, "ಬೇಡ ಕಣೋ, ಫಸ್ಟ್ ಇಯರ್ ಟ್ರಿಪ್ ಲೆಕ್ಕಾನೇ ಅವನು ಇನ್ನೂ ಕೊಟ್ಟಿಲ್ಲ" ಅಂದ್ಲು. "ಅದೆಲ್ಲ ಹಳೇ ಕಥೆ ಬಿಡೇ, ಎರಡು ಓಟು ಈ ಕಡೆ ಇದೆ, ಮುಗೀತು" ಅಂತ ನಕ್ಕು ಎದ್ದೆ. ಎಲ್ಲಾ ಸೇರಿ ಐದು ನಿಮಿಷ ಆಗಿರಬಹುದು.

112 ಜನ, ತಲಾ 350 ರೂಪಾಯಿ. ಒಟ್ಟು 39,200 ಅವನ ಫೋನ್‌ಪೇಗೆ ಹೋಯ್ತು. ಅದರಲ್ಲಿ ಸ್ವಲ್ಪ ತೆಗೆದು ಅವನು ಪಿಜಿ ಬಾಡಿಗೆ ಕಟ್ಟಿದ್ದ, ಮನೆಯಿಂದ ದುಡ್ಡು ಬಂದ ತಕ್ಷಣ ವಾಪಸ್ ಹಾಕೋಣ ಅಂತ. ಮನೆಯಿಂದ ಬರೋದು ತಡ ಆಯ್ತು, ಪ್ರಿಂಟಿಂಗ್ ಅಂಗಡಿಯವರಿಗೆ ಅಡ್ವಾನ್ಸ್ ಹೋಗಲಿಲ್ಲ, ಟೀ ಶರ್ಟ್ ಬಂದಿದ್ದು ಫೆಸ್ಟ್ ಮುಗಿದ ಮಾರನೇ ದಿನ! ಕೊನೆಗೆ ಒಂದು ರೂಪಾಯಿನೂ ಕಮ್ಮಿ ಆಗಲಿಲ್ಲ, ಅವನ ಅಣ್ಣ ಕಳಿಸಿಕೊಟ್ಟರು. ಆದರೆ ಎಚ್‌ಒಡಿ ರೂಮಿನಲ್ಲಿ ನಿಂತು ನಾನು ಹೇಳಿದ್ದು ಒಂದೇ ಮಾತು: "ಸರ್, ಅವನು ಹಿಂಗೆ ಅಂತ ನಂಗೆ ಗೊತ್ತಿರ್ಲಿಲ್ಲ." ಸಿಆರ್ ಪಕ್ಕದಲ್ಲೇ ನಿಂತಿದ್ಲು. ಒಂದು ಮಾತೂ ಆಡಲಿಲ್ಲ.

ಇದನ್ನ ಮರೆತುಬಿಡ್ತಿದ್ದೆನೋ ಏನೋ. ಆದರೆ ಆಮೇಲೆ ಸಂವಿಧಾನದ ಪೇಪರ್‌ಗೆ ಕೇಂದ್ರ ಜಾಗೃತ ಆಯೋಗದ ಬಗ್ಗೆ ಅಸೈನ್‌ಮೆಂಟ್ ಬಂತು. ಕಾಪಿ ಹೊಡೆಯೋಣ ಅಂತ ಹುಡುಕ್ತಾ ಇದ್ದಾಗ ಪಿ. ಜೆ. ಥಾಮಸ್ ಅವರ ಕೇಸ್ ಸಿಕ್ತು. ಅದು ನಡೆದಾಗ ನಾನಿನ್ನೂ ಅಂಗನವಾಡಿ ವಯಸ್ಸಿನವನು.

ಕೇಂದ್ರ ಸರ್ಕಾರದ ಅಧಿಕಾರಿಗಳ ಭ್ರಷ್ಟಾಚಾರದ ಮೇಲೆ ಕಣ್ಣಿಡೋ ಸಂಸ್ಥೆ ಅದು. ಅದರ ಮುಖ್ಯಸ್ಥರನ್ನ 2003ರ ಕಾಯ್ದೆ ಪ್ರಕಾರ ಮೂರು ಜನರ ಸಮಿತಿ ಶಿಫಾರಸು ಮಾಡುತ್ತೆ: ಪ್ರಧಾನಿ, ಗೃಹ ಸಚಿವರು, ಲೋಕಸಭೆಯ ವಿರೋಧ ಪಕ್ಷದ ನಾಯಕರು. 2010ರ ಸೆಪ್ಟೆಂಬರ್ 3ರಂದು ಮನಮೋಹನ್ ಸಿಂಗ್, ಪಿ. ಚಿದಂಬರಂ, ಸುಷ್ಮಾ ಸ್ವರಾಜ್ ಕೂತರು. ಪಟ್ಟಿಯಲ್ಲಿ ಮೂರು ಹೆಸರು. ಥಾಮಸ್ ಆಗ ಟೆಲಿಕಾಂ ಇಲಾಖೆ ಕಾರ್ಯದರ್ಶಿ. ಅದಕ್ಕೂ ಎಷ್ಟೋ ವರ್ಷ ಮುಂಚೆ ಕೇರಳದಲ್ಲಿ ಆಹಾರ ಇಲಾಖೆ ಕಾರ್ಯದರ್ಶಿ ಆಗಿದ್ದಾಗಿನ ತಾಳೆ ಎಣ್ಣೆ ಆಮದು ಪ್ರಕರಣದಲ್ಲಿ ಅವರ ಹೆಸರು ಆರೋಪಿಗಳ ಪಟ್ಟಿಯಲ್ಲಿತ್ತು. ಸುಷ್ಮಾ ಅದನ್ನೇ ಎತ್ತಿ ಆಕ್ಷೇಪಿಸಿದರು. ಇನ್ನಿಬ್ಬರು ಒಪ್ಪಲಿಲ್ಲ. ಎರಡು ಓಟು, ಒಂದು ಓಟು. ನಾಲ್ಕೇ ದಿನಕ್ಕೆ ಥಾಮಸ್ ಪ್ರಮಾಣವಚನ ತಗೊಂಡ್ರು.

ಓದ್ತಾ ಓದ್ತಾ ನಂಗೆ ನಮ್ಮ ಕ್ಯಾಂಟೀನ್ ಟೇಬಲ್ ಕಾಣ್ತಾ ಇತ್ತು. (ದೇಶದ ವಿಷಯಕ್ಕೂ ನಿನ್ನ ಟೀ ಶರ್ಟ್‌ಗೂ ಎತ್ತಣಿಂದೆತ್ತ ಸಂಬಂಧ ಅಂತ ನೀವು ನಗಬಹುದು. ನಗಿ.)

ಸರಿಯಾಗಿ ಆರು ತಿಂಗಳಿಗೆ, 2011ರ ಮಾರ್ಚ್ 3ರಂದು, ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ ಅವರ ಪೀಠ ಆ ನೇಮಕಕ್ಕೆ ಆಧಾರವಾಗಿದ್ದ ಶಿಫಾರಸನ್ನೇ ರದ್ದು ಮಾಡಿತು. ಇಲ್ಲಿ ನಂಗೆ ಹೊಸದಾಗಿ ಹೊಳೆದ ವಿಷಯ ಒಂದಿದೆ. ಕೋರ್ಟು ಥಾಮಸ್ ತಪ್ಪಿತಸ್ಥರು ಅಂತ ಹೇಳಲೇ ಇಲ್ಲ. ಪ್ರಶ್ನೆ ಮನುಷ್ಯನದ್ದಲ್ಲ, ಆ ಕುರ್ಚಿಯದ್ದು: ಕೇಸ್ ಬಾಕಿ ಇರುವವರು ಬೇರೆಯವರ ಕೇಸ್ ನೋಡೋ ಜಾಗದಲ್ಲಿ ಕೂತರೆ ಸಂಸ್ಥೆಯನ್ನ ಯಾರು ನಂಬ್ತಾರೆ? 2000ದಿಂದ 2004ರ ನಡುವೆ ಸರ್ಕಾರದ ಸಿಬ್ಬಂದಿ ಇಲಾಖೆಯ ಕಡತಗಳಲ್ಲೇ ಅವರ ಮೇಲೆ ಇಲಾಖಾ ಕ್ರಮ ಆಗಬೇಕು ಅಂತ ಟಿಪ್ಪಣಿಗಳಿದ್ವು. ಸಮಿತಿ ಅವನ್ನ ಪರಿಗಣಿಸಲೇ ಇಲ್ಲ.

ಪ್ರಧಾನಿ ಸಂಸತ್ತಿನಲ್ಲಿ ನಿರ್ಧಾರದಲ್ಲಿ ತಪ್ಪಾಗಿದೆ, ಪೂರ್ತಿ ಹೊಣೆ ನನ್ನದು ಅಂದರು. ಹಾಗೆ ಹೇಳೋ ನಾಯಕರು ಕಮ್ಮಿ, ಅದಕ್ಕೆ ಗೌರವ ಇದೆ. ಆದರೆ ಸಭೆಗೆ ಹೋಗೋವರೆಗೂ ತಾಳೆ ಎಣ್ಣೆ ಕೇಸಿನ ವಿಷಯ ತಮಗೆ ಗೊತ್ತಿರಲಿಲ್ಲ ಅಂತಾನೂ ಹೇಳಿದರು. ಇರಬಹುದು, ಟಿಪ್ಪಣಿ ತಯಾರು ಮಾಡಿದ್ದು ಇಲಾಖೆಯವರು. ಆದರೆ ಸಭೆಯ ಒಳಗೆ ಗೊತ್ತಾಯ್ತಲ್ಲ? ಆ ಕ್ಷಣಕ್ಕೆ "ಒಂದು ವಾರ ತಡೀರಿ, ಫೈಲ್ ತರಿಸಿ" ಅನ್ನೋಕೆ ಪ್ರಧಾನಿಗೆ ಯಾರಪ್ಪಣೆ ಬೇಕಿತ್ತು? ನನ್ನ ಪ್ರಕಾರ ಹೊಣೆ ಇದ್ದಿದ್ದು ಮಾರ್ಚ್‌ನ ಭಾಷಣದಲ್ಲಲ್ಲ, ಸೆಪ್ಟೆಂಬರ್ 3ರ ಆ ರೂಮಿನಲ್ಲಿ.

ತೀರ್ಪಿನಲ್ಲಿ ಮುಂದಿನ ನೇಮಕಗಳಿಗೆ ಅಂತ ಕೆಲವು ಸೂಚನೆ ಇವೆ. ಮೂವರೂ ಒಪ್ಪಲೇಬೇಕು ಅಂತೇನಿಲ್ಲ, ಒಬ್ಬರ ಬೇಡಕ್ಕೆ ವೀಟೋ ಬಲ ಇಲ್ಲ. ಆದರೆ ಬೇಡ ಅನ್ನೋರು ಯಾಕೆ ಅಂತ ಕಾರಣ ಕೊಡಬೇಕು, ಅವರನ್ನ ಮೀರಿ ಹೋಗೋ ಇಬ್ಬರೂ ಕಾರಣ ಕೊಡಬೇಕು. ಇದನ್ನ ಎರಡು ಸಲ ಓದಿದೆ. ನಮ್ಮ ಸಿಆರ್ ಕಾರಣ ಕೊಟ್ಟಿದ್ಲು. ನಾನು ಕೊಟ್ಟಿದ್ದು ಒಂದು ನಗು. ಕಾರಣ ಹೇಳೋಕೆ ಹೋಗಿದ್ರೆ ನನ್ನ ಬಾಯಿಂದ ಬರ್ತಿದ್ದದ್ದು "ಅವನು ನನ್ನ ಫ್ರೆಂಡ್" ಅಷ್ಟೇ.

ಇನ್ನೊಂದು, ಇದು ಹೇಳೋಕೆ ಕಷ್ಟ ಆಗ್ತಿದೆ. ಅವನ ಹಳೇ ಲೆಕ್ಕ ನೋಡದೆ ಆ ಜಾಗದಲ್ಲಿ ಕೂರಿಸಿ ನಾನು ಅವನಿಗೂ ಉಪಕಾರ ಮಾಡಲಿಲ್ಲ. ದುಡ್ಡು ಪೂರ್ತಿ ಬಂತು, ಆದರೂ ಹಾಸ್ಟೆಲ್‌ನಲ್ಲಿ ಯಾರದ್ದಾದ್ರೂ ಚಾರ್ಜರ್ ಕಳೆದರೂ ಈಗ ಅವನನ್ನ ನೋಡಿ ನಗ್ತಾರೆ.

ಹೋದ ವಾರ ಈ ವರ್ಷದ ಕಮಿಟಿಗೆ ಹೆಸರು ಕೊಡಿ ಅಂತ ಗ್ರೂಪ್‌ನಲ್ಲಿ ಮೆಸೇಜ್ ಬಂತು. ಸ್ಟೇಜ್ ಕೆಲಸಕ್ಕೆ ಅವನ ಹೆಸರು ಕೊಟ್ಟೆ, ಲೈಟಿಂಗ್‌ನಲ್ಲಿ ಅವನಷ್ಟು ಚೆನ್ನಾಗಿ ಕೆಲಸ ಮಾಡೋರು ನಮ್ಮ ಬ್ಯಾಚ್‌ನಲ್ಲಿ ಇಲ್ಲ. ದುಡ್ಡಿನ ಕೆಲಸಕ್ಕೆ ಸಿಆರ್ ಹೆಸರು ಕೊಡೋಣ ಅಂತ ಅವಳನ್ನ ಕೇಳಿದೆ. "ಅವತ್ತು ನನ್ನ ಮಾತು ಯಾಕೆ ಕೇಳಲಿಲ್ಲ ಅಂತ ಮೊದಲು ಬರೆದುಕೊಡು, ಆಮೇಲೆ ನೋಡೋಣ" ಅಂದ್ಲು. ತಮಾಷೆಗೆ ಹೇಳಿದ್ಲೋ ಸೀರಿಯಸ್ಸಾಗಿ ಹೇಳಿದ್ಲೋ ಗೊತ್ತಾಗಲಿಲ್ಲ. ಬರೆದಿದ್ದೀನಿ.