ಹಲ್ಲಿನ ಯಾತ್ರೆ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದವರ ಕಾಲದಲ್ಲಿ ವಿಮಾನವಿರಲಿಲ್ಲ. ಇದ್ದಿದ್ದರೆ, ಕಡಲೆ ಒಂದು ದೇಶದಲ್ಲಿ, ಹಲ್ಲು ಇನ್ನೊಂದು ದೇಶದಲ್ಲಿ ಎಂದು ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ. ಇಂಗ್ಲೆಂಡು, ಅಮೆರಿಕೆ, ಕೊಲ್ಲಿಯ ನಾಡುಗಳಲ್ಲಿ ಸಂಪಾದನೆ ಮಾಡಿ ಹಲ್ಲು ಕಟ್ಟಿಸಿಕೊಳ್ಳಲು ಹೈದರಾಬಾದಿಗೆ ಬರುವ ನೆಂಟರು ನಮ್ಮ ಸಂಘದ ಹಲವು ಮನೆಗಳಿಗುಂಟು. ಡಿಸೆಂಬರು ಬಂತೆಂದರೆ ಶಂಶಾಬಾದಿನಲ್ಲಿ ಇಳಿಯುವವರ ಕೈಚೀಲದಲ್ಲಿ ನಮ್ಮ ಮಕ್ಕಳಿಗೆ ಚಾಕಲೇಟು, ಬಾಯಲ್ಲಿ ನಮ್ಮೂರ ವೈದ್ಯರಿಗೆ ಕೆಲಸ.

ಚಿಕಿತ್ಸೆಗೆಂದು ಈ ಊರಿಗೆ ಬರುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದ ಮೇಲೆ ಕಲಬುರಗಿ, ಸೇಡಂ ಕಡೆಯವರಿಗೆ ಹೈದರಾಬಾದು ಹತ್ತಿರವಾಯಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವಷ್ಟೆ. ಹೀಗಾಗಿ ರಾಜಧಾನಿಯ ಉಸ್ಮಾನಿಯಾ ಆಸ್ಪತ್ರೆಯೇ ನಮ್ಮ ಹಿರಿಯರ ಬಾಯಲ್ಲಿ 'ದೊಡ್ಡ ದವಾಖಾನೆ'. ಅವರಲ್ಲಿ ಚಾರ್‌ಮಿನಾರಿಗಿಂತ ಮೊದಲು ಮೂಸಿ ನದಿಯ ದಂಡೆಯ ಆ ಗುಮ್ಮಟಗಳನ್ನೇ ಕಂಡವರು ಬಹಳ. ಪರದೇಶದವರೂ ಬಂದದ್ದುಂಟು. ಕ್ಲೋರೋಫಾರಂ ಕೊಡುವುದು ಜೀವಕ್ಕೆ ಎಷ್ಟು ಕ್ಷೇಮವೆಂದು ಪರೀಕ್ಷಿಸಲು 1889ರಲ್ಲಿ ಲಾಡರ್ ಬ್ರಂಟನ್ ಎಂಬ ದೊಡ್ಡ ವೈದ್ಯರು ಲಂಡನ್ನಿನಿಂದ ಇಲ್ಲಿಗೆ ಬಂದಿದ್ದರು. ಅವರು ಬಂದದ್ದು ನಿಜಾಮರ ಖರ್ಚಿನಲ್ಲಿ. ಈಗಿನವರು ಬರುವುದು ತಮ್ಮ ಖರ್ಚಿನಲ್ಲಿ.

ಅಷ್ಟು ಸಿರಿವಂತ ದೇಶಗಳಲ್ಲಿ ಹಲ್ಲಿಗೇಕೆ ಬಡತನ ಎಂದು ಕೇಳಬಹುದು. ಇಂಗ್ಲೆಂಡಿನಲ್ಲಿ 1948ರಲ್ಲಿ ಸರಕಾರಿ ಆರೋಗ್ಯ ಸೇವೆ ಆರಂಭವಾದಾಗ ಹಲ್ಲಿನ ಸೆಟ್ಟಿಗೂ ಹಣವಿರಲಿಲ್ಲ. 1951ರಲ್ಲಿ ಅದಕ್ಕೆ ಶುಲ್ಕ ಹಾಕಿದರು; ಆ ಸೇವೆಯನ್ನು ಕಟ್ಟಿದ ಬೆವನ್ ಎಂಬ ಮಂತ್ರಿಗಳು ಅದನ್ನು ಸಹಿಸದೆ ರಾಜೀನಾಮೆಯನ್ನೇ ಕೊಟ್ಟರು. ಈಗ ಹಲವು ಊರುಗಳಲ್ಲಿ ಹೊಸ ರೋಗಿಯನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳುವ ದಂತವೈದ್ಯರು ಸಿಕ್ಕುವುದೇ ಕಷ್ಟ. ಖಾಸಗಿಯವರ ದರ ಕೇಳಿದರೆ ಇದ್ದ ಹಲ್ಲೂ ಅಲುಗಾಡುತ್ತದೆ. ಅಮೆರಿಕೆಯಲ್ಲಿಯೂ 1965ರಲ್ಲಿ ವೃದ್ಧರಿಗಾಗಿ ಮಾಡಿದ ಸರಕಾರಿ ವಿಮೆ ಸಾಮಾನ್ಯ ಹಲ್ಲಿನ ಕೆಲಸವನ್ನು ಹೊರಗಿಟ್ಟೇ ಹುಟ್ಟಿತು.

ಹೋದ ವರ್ಷ ದಸರೆಯ ಹೊತ್ತಿಗೆ ಇಂಗ್ಲೆಂಡಿನಿಂದ ನಮ್ಮ ಅಕ್ಕ ಮತ್ತು ಭಾವನವರು ಬಂದರು. ಆರು ವರ್ಷದ ಮೇಲೆ ಬಂದದ್ದು. ಭಾವನವರ ಕೆಳದವಡೆಯಲ್ಲಿ ಎರಡು ಹಲ್ಲಿರಲಿಲ್ಲ, ಮೂರನೆಯದಕ್ಕೆ ನೋವು. ರಜೆ 20 ದಿನ. ಅಷ್ಟರಲ್ಲಿ ಮೂರು ಹಲ್ಲಿನ ಕೆಲಸ, ಗೋಲ್ಕೊಂಡ, ಸಾಲಾರ್‌ಜಂಗ್ ಸಂಗ್ರಹಾಲಯ, ನಡುವೆ ಎರಡು ದಿನ ಬೀದರದ ಕೋಟೆ ಎಂದು ಕಾಗದದ ಮೇಲೆ ಗೆರೆ ಹೊಡೆದು ತಂದಿದ್ದರು. ನಾವು ತೋರಿಸಿದ ವೈದ್ಯರು ಆ ಕಾಗದವನ್ನು ಪೂರ್ತಿ ಓದಿ, ನೋವಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪು ಹಾಕಲು ಹತ್ತು ದಿನ ಸಾಕು, ಇಲ್ಲದ ಎರಡು ಹಲ್ಲಿಗೆ ತಿರುಪು ಇಟ್ಟು ಕಳುಹಿಸುತ್ತೇವೆ, ಹಲ್ಲು ಕೂರಿಸುವುದು ಮೂರು ತಿಂಗಳ ಮೇಲೆ ಎಂದರು. ಭಾವನವರು ರಜೆಯ ಮಾತೆತ್ತಿದರು. ಎಲುಬಿಗೆ ರಜೆಯ ಅರ್ಜಿ ಮುಟ್ಟುವುದಿಲ್ಲ ಎಂದು ವೈದ್ಯರು ನಕ್ಕರು.

ಇಂಪ್ಲಾಂಟ್ ಎಂಬ ಈ ತಿರುಪಿನ ಕಥೆ ಸ್ವಾರಸ್ಯವಾದದ್ದು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ಸಂಶೋಧಕರು ಮೊಲದ ಕಾಲಿನ ಎಲುಬಿನಲ್ಲಿ ಟೈಟಾನಿಯಂ ಲೋಹದ ಕೊಳವೆಯೊಂದನ್ನು ಇಟ್ಟು ರಕ್ತದ ಓಟವನ್ನು ಅಭ್ಯಾಸ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಕೊಳವೆ ಬರಲೊಲ್ಲದು. ಎಲುಬು ಅದನ್ನು ತನ್ನದಾಗಿ ಮಾಡಿಕೊಂಡಿತ್ತು. 1965ರಲ್ಲಿ ಅದೇ ಲೋಹವನ್ನು ಒಬ್ಬ ಮನುಷ್ಯನ ದವಡೆಯಲ್ಲಿ ಇಟ್ಟರು. ಅವು 2006ರಲ್ಲಿ ಆತ ತೀರಿಕೊಳ್ಳುವತನಕ, ಸುಮಾರು 40 ವರ್ಷ ಬಾಳಿದವು. ಹೀಗೆ ಎಲುಬು ಲೋಹವನ್ನು ಹಿಡಿದುಕೊಳ್ಳಲು ಕೆಳದವಡೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳು, ಮೇಲಿನದರಲ್ಲಿ ಇನ್ನೂ ಹೆಚ್ಚು ಬೇಕು. ಅದು ಹಿಡಿಯುವ ಮುನ್ನ ಭಾರ ಬಿದ್ದರೆ ತಿರುಪು ಸಡಿಲಾಗಬಹುದು.

ಇಷ್ಟು ಕೇಳಿಯೂ ಭಾವನವರ ಮನಸ್ಸು ಒಪ್ಪಲಿಲ್ಲ. ಬೇರೊಂದು ಕಡೆ ಫೋನಿನಲ್ಲಿ ವಿಚಾರಿಸಿದಾಗ, ನಾಲ್ಕೇ ದಿನದಲ್ಲಿ ಎಲ್ಲ ಮುಗಿಸಿ ಕೊಡುತ್ತೇವೆ, ವಿಮಾನ ನಿಲ್ದಾಣಕ್ಕೆ ಕಾರು ನಮ್ಮದೇ ಎಂದರು. ಕೆಲವರ ದವಡೆಗೆ ತಿರುಪಿಟ್ಟ ಕೂಡಲೆ ಹಲ್ಲು ಕೂರಿಸುವುದೂ ಉಂಟು. ಆದರೆ ಅದು ಎಲುಬಿನ ಚಿತ್ರ ತೆಗೆದು ನೋಡಿದ ಮೇಲೆ ಆಡತಕ್ಕ ಮಾತು. ಬಾಯನ್ನೇ ಕಾಣದೆ ಮಾತು ಕೊಡುವವರನ್ನು ಹೇಗೆ ನಂಬುವುದು? ತಿರುಪಿನ ಬದಲು ಬ್ರಿಜ್ಜು ಹಾಕಿಸಿಕೊಂಡರೆ ಒಂದು ವಾರದ ಕೆಲಸ. ಅದಕ್ಕಾಗಿ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ಅರೆಯಬೇಕು. ಇಪ್ಪತ್ತು ದಿನದ ರಜೆಗಾಗಿ ಒಳ್ಳೆಯ ಹಲ್ಲನ್ನು ಅರೆಸುವುದೇ ಎಂದು ಅಕ್ಕನ ತಕರಾರು.

ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆವು. ಮೂರು ಹಲ್ಲಿನ ಕೆಲಸಕ್ಕೆ ಅಲ್ಲಿ ಹೇಳಿದ್ದು 6,000 ಪೌಂಡು. ಇಲ್ಲಿ 92,000 ರೂಪಾಯಿ, ಎಂದರೆ ಆಗಿನ ದರದಲ್ಲಿ 800 ಪೌಂಡು. ಆಹಾ ಎನ್ನುವಷ್ಟರಲ್ಲಿ ವಿಮಾನದ ಟಿಕೀಟು ನೆನಪಾಯಿತು: ತಲೆಗೆ 650. ಇಬ್ಬರು ಎರಡು ಸಲ ಬಂದುಹೋದರೆ 2,600. ಉಳಿದದ್ದೂ 2,600! ವಸತಿ, ಊಟ ನಮ್ಮ ಮನೆಯಲ್ಲಾದ್ದರಿಂದ ಅಷ್ಟಾದರೂ ಉಳಿಯಿತು; ಹೋಟೆಲಿನಲ್ಲಿ ಇಳಿದಿದ್ದರೆ ಅದೂ ಕರಗುತ್ತಿತ್ತು. ಒಂದೇ ಹಲ್ಲಿನ ಕ್ಯಾಪಿಗಾಗಿ ಸಮುದ್ರ ದಾಟಿ ಬರುವವರಿಗೆ ಲಾಭವೇ ಇಲ್ಲವೆಂದು ನಮ್ಮ ಅಭಿಪ್ರಾಯ. ಎರಡನೆಯ ಸಲ ನಾನೊಬ್ಬನೇ ಬರುತ್ತೇನೆ, 650 ಉಳಿಯುತ್ತದೆ ಎಂದು ಭಾವನವರು ಸೂಚಿಸಿದರು. ಅಲ್ಲಿಯವರೆಗೆ ಸುಮ್ಮನೆ ಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು ತಲೆಯೆತ್ತಿ, "ಹಲ್ಲು ನಿಮ್ಮವು ಇರಬಹುದು, ಮಗಳು ನನ್ನಾಕಿ ಅದಾಳ. ಟಿಕೀಟು ಇಬ್ಬರಿಗೂ ತಗೀರಿ" ಎಂದರು. ಎಪ್ಪತ್ತೆಂಟರ ವಯಸ್ಸಿನಲ್ಲಿ, ಆರು ವರ್ಷ ದಾರಿ ಕಾದವರ ಮಾತು. ಲೆಕ್ಕದ ಕಾಗದವನ್ನು ಭಾವನವರು ಮಡಚಿಟ್ಟರು.

ನೋಡುವ ಊರನ್ನು ಹಲ್ಲಿನ ದಿನಚರಿಗೆ ಹೊಂದಿಸಿಕೊಂಡರೆ ಈ ಪ್ರವಾಸ ಸುಖಕರವೇ. ಗೋಲ್ಕೊಂಡವನ್ನು ಮೊದಲೇ ಮುಗಿಸಿದೆವು. ಫತೇ ದರವಾಜೆಯಲ್ಲಿ ಚಪ್ಪಾಳೆ ತಟ್ಟಿದರೆ ಬಾಲಾ ಹಿಸಾರಿನ ನೆತ್ತಿಯಲ್ಲಿ ಕೇಳುವುದೆಂದು ಎಲ್ಲರಿಗೂ ಗೊತ್ತು. ಆದರೆ ನೆತ್ತಿಗೆ ಹತ್ತಬೇಕಾದ ಸುಮಾರು 360 ಮೆಟ್ಟಿಲು ತಿರುಪಿಟ್ಟ ಮೇಲಿನ ಎರಡು ಮೂರು ದಿನಗಳಿಗೆ ಹೇಳಿಸಿದ್ದಲ್ಲ. ಬಿಸಿ ಚಹಾ, ಸಿಗರೇಟು, ಹೀರುಕೊಳವೆ ಆ ದಿನಗಳಲ್ಲಿ ನಿಷಿದ್ಧ. ಇರಾನಿ ಚಹಾದ ಊರಿಗೆ ಬಂದು ಚಹಾವನ್ನು ಆರಿಸಿ ಕುಡಿಯುವ ಶಿಕ್ಷೆ! ತಾಯಿಯವರು ಡಬ್ಬಿ ತುಂಬ ಮಾಡಿಟ್ಟಿದ್ದ ಖಡಕ್ ರೊಟ್ಟಿ ಹಾಗೆಯೇ ಉಳಿದು, ಜೋಳದ ನುಚ್ಚು ಮಜ್ಜಿಗೆಯೇ ಗತಿಯಾಯಿತು. ಮಾಂಸ ತಿನ್ನುವವರಿಗೆ ರಂಜಾನಿನ ಹಲೀಮು ಹಲ್ಲಿಲ್ಲದವರಿಗಾಗಿಯೇ ಹುಟ್ಟಿದ್ದು. ನಮ್ಮಂಥವರಿಗೆ ಖುಬಾನಿ ಕಾ ಮೀಠಾ ಇದೆ.

ನಾಲ್ಕನೆಯ ದಿನ ಸಾಲಾರ್‌ಜಂಗಿಗೆ ಹೋದೆವು. ಶುಕ್ರವಾರ ಅದಕ್ಕೆ ರಜೆ. ಅಮೃತಶಿಲೆಯ ಮುಸುಕಿನ ರೆಬೆಕ್ಕಳ ಮುಂದೆ, ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ನಿಂತ ಭಾವನವರನ್ನು ಕಂಡು ಮಕ್ಕಳು ನಕ್ಕದ್ದೇ ನಕ್ಕದ್ದು. ಹನ್ನೆರಡು ಗಂಟೆಗೆ ಹಳೆಯ ಗಡಿಯಾರದ ಪುಟ್ಟ ಬೊಂಬೆ ಹೊರಗೆ ಬಂದು ಹನ್ನೆರಡು ಸಲ ಗಂಟೆ ಬಾರಿಸುವುದನ್ನು ಬೆಂಚಿನಲ್ಲಿ ಕುಳಿತು ನೋಡಿದೆವು. ನೋವಿರುವ ಬಾಯಿಗೆ ಮಾತಾಡದೆ ನೋಡುವಂಥ ಸ್ಥಳವೇ ಲೇಸು.

ಅಲ್ಲಿಂದ ನಯಾಪೂಲ್ ಸೇತುವೆ ದಾಟಿದರೆ ಅಫ್ಜಲ್‌ಗಂಜ್. ಉಸ್ಮಾನಿಯಾದ ಹಳೆಯ ಕಟ್ಟಡಕ್ಕೆ 2020ರ ಮಳೆಗಾಲದಲ್ಲಿ ನೀರು ನುಗ್ಗಿದ ಮೇಲೆ ರೋಗಿಗಳನ್ನು ಅದರಿಂದ ತೆರವು ಮಾಡಿದರು. ಅದರ ನೆರೆಯಲ್ಲಿಯೇ 1959ರಲ್ಲಿ ಆರಂಭವಾದ ಸರಕಾರಿ ದಂತವೈದ್ಯ ಕಾಲೇಜು, ಆಸ್ಪತ್ರೆ. ಬಾಗಿಲ ಬಳಿ ಗಂಟು ಬಿಚ್ಚಿ ಊಟಕ್ಕೆ ಕುಳಿತಿದ್ದ ಮುದುಕರೊಬ್ಬರು ನಮ್ಮ ಕನ್ನಡ ಕೇಳಿ ಮಾತಾಡಿಸಿದರು. ಸೇಡಂ ಕಡೆಯವರು, ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಬಂದಿದ್ದರು. ಭಾವನವರು ಇಂಗ್ಲೆಂಡಿನಿಂದ ಬಂದವರೆಂದು ತಿಳಿದು, "ಹಲ್ಲಿಗೇನ್ರೀ ಅಷ್ಟು ದೂರದಿಂದ?" ಎಂದು ಬೆರಗಾದರು. ಅವರದು ಅದು ಮೂರನೆಯ ಸಲ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಗುತ್ತದೆಂದರು. ಭಾವನವರು ಆ ದಿನ ಮನೆಗೆ ಬಂದ ಮೇಲೆ ಪೌಂಡಿನ ಮಾತೆತ್ತಲಿಲ್ಲ.

ಶಿವರಾತ್ರಿಗೆ ಇಬ್ಬರೂ ಬಂದು ಎರಡು ಹಲ್ಲನ್ನೂ ಕೂರಿಸಿಕೊಂಡು ಹೋದರು. ಬೀದರವನ್ನು ಆಗ ನೋಡಿದ್ದಾಯಿತು. ಹೋಗುವಾಗ ವೈದ್ಯರು ತಿರುಪಿನ ಕಂಪನಿ, ಅಳತೆ, ಸಂಖ್ಯೆ ಬರೆದ ಚೀಟಿಯನ್ನು ಕೊಟ್ಟರು. ಇದನ್ನು ತಪ್ಪದೆ ಕೇಳಿ ಪಡೆಯಬೇಕು. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಚಾವಿ ಹತ್ತುವುದಿಲ್ಲ. ಅಲ್ಲಿ ಹಲ್ಲು ಅಲುಗಿದರೆ ಆ ಚೀಟಿಯಿಲ್ಲದೆ ಪರದೇಶದ ವೈದ್ಯರು ಕೈಹಚ್ಚಲು ಹಿಂಜರಿಯುತ್ತಾರೆ. ವೈದ್ಯರ ಹೆಸರು ರಾಜ್ಯದ ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ಎಂದು ಕೇಳುವುದಕ್ಕೂ ಸಂಕೋಚ ಬೇಡ. ಬರುವ ಡಿಸೆಂಬರಿಗೆ ನೆಂಟರನ್ನು ಕಾಯುತ್ತಿರುವ ಮನೆಯವರು, ಅವರ ಎಕ್ಸ್-ರೇ ಚಿತ್ರಗಳನ್ನು ಈಗಲೇ ತರಿಸಿ ಇಲ್ಲಿಯ ವೈದ್ಯರಿಗೆ ತೋರಿಸಿ, ಎಷ್ಟು ಸಲ ಬರಬೇಕಾದೀತೆಂದು ತಿಳಿದುಕೊಂಡು, ಆಮೇಲೆ ಟಿಕೀಟಿನ ಮಾತಾಡಲಿ.